ಮಾನವಿಯ ಜಗನ್ನಾಥದಾಸರು ಮತ್ತು ನಮ್ಮ ಧಾಟಿಯ ಜಗಳ



ಹೋದ ತಿಂಗಳು ನಮ್ಮ ಶಾಲೆಯಲ್ಲಿ ಒಂದು ಸಣ್ಣ ಜಗಳ ಆಯ್ತು, ನಿಮಗೆಲ್ಲ ಗೊತ್ತೇ ಇದೆ. ವಾರ್ಷಿಕೋತ್ಸವಕ್ಕೆ ಜಗನ್ನಾಥದಾಸರ ಒಂದು ಪದ ಹಾಡುವುದೆಂದು ತೀರ್ಮಾನವಾಗಿತ್ತು. ನಮ್ಮ ತರಗತಿಯ ಒಬ್ಬಾಕಿ ತನ್ನ ಅಜ್ಜಿ ಕಲಿಸಿದ ಧಾಟಿಯಲ್ಲಿ ಹಾಡಿದಳು. ಉಳಿದವರು, ಅದು ತಪ್ಪು, ಮೊಬೈಲಿನಲ್ಲಿ ದೊಡ್ಡ ಗಾಯಕರು ಹಾಡಿದ ಧಾಟಿಯೇ ಖರೆ ಎಂದು ವಾದ ಮಾಡಿದರು. ಅಜ್ಜಿಯ ಧಾಟಿ ಬೀಸೋಕಲ್ಲಿನ ಹಾಡು ಇದ್ದಂಗ ಅದ ಅಂತ ನಕ್ಕರು. ಆ ಹುಡುಗಿ ಕಣ್ಣಾಗ ನೀರು ತಂದುಕೊಂಡು ಕೂತುಬಿಟ್ಟಳು. ನಕ್ಕವರಲ್ಲಿ ನಾನೂ ಒಬ್ಬ.

ನಮ್ಮ ಕನ್ನಡ ಗುರುಗಳು ಯಾರನ್ನೂ ಬೈಯಲಿಲ್ಲ. ಆ ಪದ ಕಟ್ಟಿದವರ ಜೀವನ ಮೊದಲು ತಿಳಿದುಕೊಂಡು ಬಾ, ಆಮೇಲೆ ಯಾವ ಧಾಟಿ ಖರೆ ಅಂತ ನೀನೇ ಹೇಳು ಎಂದು ನನಗೆ ಕೆಲಸ ಹಚ್ಚಿದರು. ಪುಸ್ತಕ ಓದಿ, ಹಿರಿಯರನ್ನು ಕೇಳಿ ತಿಳಿದದ್ದನ್ನು ಈ ಗೋಡೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಎರಡು ಹೊಳೆಗಳ ನಡುವಿನ ನಾಡು

ನಮ್ಮ ರಾಯಚೂರು ಸೀಮೆಯನ್ನು ಎಡೆದೊರೆ ನಾಡು ಎಂದು ಕರೆಯುತ್ತಾರೆ. ಎಡೆದೊರೆ ಅಂದ್ರೆ ಎರಡು ಹೊಳೆಗಳ ನಡುವಿನ ಭೂಮಿ. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ಕೃಷ್ಣೆಯ ಕಡೆ ದೇವದುರ್ಗ, ತುಂಗಭದ್ರೆಯ ಕಡೆ ಮಾನವಿ. ಸುಮಾರು 300 ವರ್ಷಗಳ ಹಿಂದೆ, ಇದು ಹೈದರಾಬಾದ್ ನಿಜಾಮರ ಆಳ್ವಿಕೆಗೆ ಬಂದ ಹೊಸದರಲ್ಲಿ, ಈ ಬಿಸಿಲ ನಾಡಿನಲ್ಲಿ ಮೂವರು ದೊಡ್ಡ ದಾಸರು ಒಬ್ಬರ ಹಿಂದೆ ಒಬ್ಬರು ಆಗಿಹೋದರು.

ಮೊದಲನೆಯವರು ವಿಜಯದಾಸರು (1682-1755). ಅವರು ಹುಟ್ಟಿದ್ದು ತುಂಗಭದ್ರೆಯ ದಂಡೆಯ ಚೀಕಲಪರ್ವಿಯಲ್ಲಿ. ಎರಡನೆಯವರು ದೇವದುರ್ಗ ತಾಲೂಕಿನ ಮೊಸರಕಲ್ಲಿನ ಭಾಗಣ್ಣ, ಅಂದ್ರೆ ಗೋಪಾಲದಾಸರು. ಮೂರನೆಯವರೇ ನಮ್ಮ ಕಥಾನಾಯಕರಾದ ಜಗನ್ನಾಥದಾಸರು.

ಆಚಾರ್ಯರ ಅಭಿಮಾನ

ಜಗನ್ನಾಥದಾಸರು ಮಾನವಿ ಸೀಮೆಯ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದರು. ತಂದೆ-ತಾಯಿ ಇಟ್ಟ ಹೆಸರು ಶ್ರೀನಿವಾಸ. ಹುಡುಗ ಬಹಳ ಚುರುಕು. ಮಂತ್ರಾಲಯದ ರಾಘವೇಂದ್ರಸ್ವಾಮಿಗಳ ಮಠದ ಪೀಠದಲ್ಲಿದ್ದ ವರದೇಂದ್ರತೀರ್ಥರ ಹತ್ತಿರ ಸಂಸ್ಕೃತ, ವೇದಾಂತಗಳನ್ನು ಓದಿದರು. ಪ್ರಾಯದಲ್ಲೇ ಪಂಡಿತರೆನಿಸಿಕೊಂಡು ಶ್ರೀನಿವಾಸಾಚಾರ್ಯರಾದರು. ಅವರ ಹತ್ತಿರ ಪಾಠ ಕೇಳಲು ಶಿಷ್ಯರು ಬರತೊಡಗಿದರು.

ವಿದ್ಯೆಯ ಜೊತೆಗೆ ಅಭಿಮಾನವೂ ಬೆಳೆಯಿತು. ಮಧ್ವಾಚಾರ್ಯರ ತತ್ವ ಸಂಸ್ಕೃತದಲ್ಲಿದೆ, ಅದನ್ನು ಸಂಸ್ಕೃತದಲ್ಲೇ ಓದಬೇಕು ಎಂಬುದು ಅವರ ಮನಸ್ಸಿನಲ್ಲಿತ್ತು. ಕಾಲಿಗೆ ಗೆಜ್ಜೆ ಕಟ್ಟಿಕೊಂಡು, ಹೆಗಲಿಗೆ ತಂಬೂರಿ ಹಾಕಿಕೊಂಡು, ಓಣಿ ಓಣಿಗಳಲ್ಲಿ ಕನ್ನಡ ಪದ ಹೇಳುತ್ತ ಹೋಗುವ ದಾಸರನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೆ. ಮನೆಯಲ್ಲಿ ಆಡುವ ಮಾತಿನಲ್ಲಿ ವೇದಾಂತ ಹೇಳಿದರೆ ಅದಕ್ಕೆ ಬೆಲೆ ಎಲ್ಲಿ ಉಳೀತದ ಎಂಬ ಭಾವನೆ.

ಒಮ್ಮೆ ವಿಜಯದಾಸರು ಮಾನವಿಗೆ ಬಂದರು. ಆಗ ಅವರು ವಯಸ್ಸಾದವರು, ಎಲ್ಲ ಕಡೆ ಹೆಸರು ಮಾಡಿದವರು. ಶ್ರೀನಿವಾಸಾಚಾರ್ಯರಿಗೆ ಇನ್ನೂ 30 ತುಂಬಿರಲಿಲ್ಲ. ದಾಸರು ಅವರನ್ನು ಪೂಜೆಗೆ ಮತ್ತು ಊಟಕ್ಕೆ ಕರೆದರು. ಆಚಾರ್ಯರಿಗೆ ಹೋಗಲು ಮನಸ್ಸಿಲ್ಲ. ಹೊಟ್ಟೆನೋವು ಎಂದು ನೆಪ ಹೇಳಿ ತಪ್ಪಿಸಿಕೊಂಡರು. ಸ್ವಲ್ಪ ದಿನದಲ್ಲೇ ನೆಪವಾಗಿ ಹೇಳಿದ ಹೊಟ್ಟೆನೋವು ನಿಜವಾಗಿಯೂ ಬಂತು. ಔಷಧಿ, ಜಪ, ಪೂಜೆ ಯಾವುದಕ್ಕೂ ಬಗ್ಗಲಿಲ್ಲ. ಮೈ ಸೊರಗಿ, ಪಾಠ ಹೇಳುವ ಶಕ್ತಿಯೂ ಹೋಯಿತು ಎಂದು ಹಿರಿಯರು ಈ ಕಥೆಯನ್ನು ಹೇಳುತ್ತಾರೆ.

ಕಡೆಗೆ ಅವರು ವಿಜಯದಾಸರ ಹತ್ತಿರವೇ ಹೋಗಿ ತಪ್ಪಾಯಿತೆಂದು ಕೈಮುಗಿದರು. ವಿಜಯದಾಸರು ಅವರನ್ನು ತಮ್ಮ ಶಿಷ್ಯರಾದ ಗೋಪಾಲದಾಸರ ಕಡೆ ಕಳಿಸಿದರು. ದೇವದುರ್ಗ ಸೀಮೆಯ ಆ ದಾಸರು ಗುರುಗಳ ಮಾತಿನಂತೆ ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಶ್ರೀನಿವಾಸಾಚಾರ್ಯರಿಗೆ ದಾನ ಮಾಡಿದರು ಎಂಬುದು ದಾಸರ ಚರಿತ್ರೆಯಲ್ಲಿ ಬಹಳ ಪ್ರಸಿದ್ಧವಾದ ಸಂಗತಿ. ಜಪ ಮಾಡಿ ಕೊಟ್ಟ ಜೋಳದ ರೊಟ್ಟಿ ತಿಂದು ರೋಗ ಇಳಿಯಿತು ಎಂದೂ ಕೆಲವರು ಹೇಳುತ್ತಾರೆ.

ಆಯುಷ್ಯವನ್ನು ಹೀಗೆ ಕೊಡಲು ಬರುತ್ತದೆಯೋ ಇಲ್ಲವೋ, ಅದು ಅವರವರ ನಂಬಿಕೆಗೆ ಬಿಟ್ಟದ್ದು. ಆದರೆ ಒಂದು ಮಾತು ಮಾತ್ರ ಎಲ್ಲರೂ ಒಪ್ಪುವಂಥದ್ದು. ಕನ್ನಡ ಪದ ಹಾಡುವವರನ್ನು ಕೀಳಾಗಿ ಕಂಡವರು ಅದೇ ಕನ್ನಡ ಪದ ಹಾಡುವವರಿಂದ ಮರುಜನ್ಮ ಪಡೆದರು.

ಗುಣವಾದ ಮೇಲೆ ಅವರು ಪಂಢರಪುರಕ್ಕೆ ಹೋದರು. ಅಲ್ಲಿ ಚಂದ್ರಭಾಗಾ ನದಿಯಲ್ಲಿ ಸ್ನಾನ ಮಾಡುವಾಗ ಜಗನ್ನಾಥವಿಠಲ ಎಂಬ ಅಂಕಿತ ಅವರಿಗೆ ಸಿಕ್ಕಿತು ಎನ್ನುತ್ತಾರೆ. ಅಂಕಿತ ಅಂದ್ರೆ ಪದದ ಕೊನೆಗೆ ಬರುವ ಗುರುತಿನ ಹೆಸರು. ಅಂದಿನಿಂದ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು. ತಾವು ನಗುತ್ತಿದ್ದ ತಂಬೂರಿ, ಗೆಜ್ಜೆಗಳನ್ನು ತಾವೇ ಧರಿಸಿದರು.

ಹಳೆಯ ಧಾಟಿ, ಹೊಸ ಮಾತು

ಈಗ ನಮ್ಮ ಜಗಳಕ್ಕೆ ಸಂಬಂಧಪಟ್ಟ ಮುಖ್ಯ ಭಾಗ ಬರುತ್ತದೆ, ಗಮನವಿಟ್ಟು ಓದಿರಿ.

ಜಗನ್ನಾಥದಾಸರು ಪದ ಕಟ್ಟಲು ಕುಳಿತಾಗ ಅವರ ಮುಂದೆ ಬೇರೆ ಬೇರೆ ಕಾಲದ ಹಾಡುಗಳಿದ್ದವು. ಹಂಪಿಯ ಕಾಲದ ಪುರಂದರದಾಸರ ಕೀರ್ತನೆಗಳು ಇದ್ದವು. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ. ತಾಳವಿಲ್ಲದೆ, ಮನಸ್ಸು ಹರಿದಂತೆ ಹಾಡುವ ಉಗಾಭೋಗಗಳು ಇದ್ದವು. ಒಂದೇ ಹಾಡಿನಲ್ಲಿ ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ತಾಳ ಬದಲಾಗುತ್ತ ಹೋಗುವ ಸುಳಾದಿಗಳು ಇದ್ದವು. ವಿಜಯದಾಸರು ಅಂತಹ ಸುಳಾದಿಗಳನ್ನು ಬಹಳ ರಚಿಸಿದವರು. ಜಗನ್ನಾಥದಾಸರೂ ಕೀರ್ತನೆ, ಉಗಾಭೋಗ, ಸುಳಾದಿಗಳನ್ನು ಬರೆದರು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ.

ಅವರ ದೊಡ್ಡ ಗ್ರಂಥ ಹರಿಕಥಾಮೃತಸಾರ. ಅದರಲ್ಲಿ ಅವರು ಬರೆದ 32 ಸಂಧಿಗಳಿವೆ, ಪದ್ಯಗಳು ಸಾವಿರಕ್ಕೆ ಸ್ವಲ್ಪ ಕಡಿಮೆ. ಕೊನೆಯ ಫಲಶ್ರುತಿ ಸಂಧಿಯನ್ನು ಅವರ ಶಿಷ್ಯರಾದ ಕರ್ಜಗಿ ದಾಸಪ್ಪನವರು, ಅಂದ್ರೆ ಶ್ರೀದವಿಠಲರು ಬರೆದರು. ಇದನ್ನು ದಾಸರು ಭಾಮಿನಿ ಷಟ್ಪದಿಯಲ್ಲಿ ಕಟ್ಟಿದ್ದಾರೆ. ಭಾಮಿನಿ ಷಟ್ಪದಿ ಅಂದಕೂಡಲೆ ನಮಗೆ ನೆನಪಾಗುವುದು ಗದುಗಿನ ಕುಮಾರವ್ಯಾಸ. ಅವನು ಮಹಾಭಾರತದ ಕಥೆಯನ್ನು ಈ ಛಂದಸ್ಸಿನಲ್ಲಿ ಹೇಳಿದ್ದು 15ನೇ ಶತಮಾನದಲ್ಲಿ. ಸುಮಾರು 300 ವರ್ಷ ಹಳೆಯದಾದ ಆ ನಡೆಯನ್ನು ಎತ್ತಿಕೊಂಡು, ಯುದ್ಧದ ಕಥೆಯ ಬದಲು ಅದರಲ್ಲಿ ವೇದಾಂತವನ್ನು ತುಂಬಿದರು.

ವ್ಯಾಕರಣ ಪಾಠದಲ್ಲಿ ನಾವು ಮಾತ್ರೆ ಎಣಿಸಿ ಬೇಸರ ಪಡುತ್ತೇವೆ. ಆದರೆ ಭಾಮಿನಿಯನ್ನು ಕೈಯಲ್ಲಿ ತಟ್ಟಿ ನೋಡಿರಿ. ತಕಿಟ ತಕದಿಮಿ ತಕಿಟ ತಕದಿಮಿ. 3, 4, 3, 4. ಒಟ್ಟು 14 ಮಾತ್ರೆ. ಮೊದಲ ಎರಡು ಸಾಲು ಹೀಗೆ. ಮೂರನೇ ಸಾಲಿನಲ್ಲಿ ತಕಿಟ ತಕದಿಮಿ ಮೂರು ಸಲ ಬಂದು ಕೊನೆಗೆ ಒಂದು ಗುರು. ಅಲ್ಲಿಗೆ 23. ಇದೇ ರೀತಿ ಇನ್ನೊಮ್ಮೆ ಬಂದರೆ ಆರು ಸಾಲಿಗೆ 102 ಮಾತ್ರೆಗಳು. ಮೂರು ನಾಲ್ಕರ ಈ ನಡೆ ಏಳು ಎಣಿಕೆಯ ಮಿಶ್ರಚಾಪು ತಾಳಕ್ಕೆ ಸರಿಯಾಗಿ ಕೂಡುತ್ತದೆ. ಆದ್ದರಿಂದ ತಾಳ ಹಾಕಿ ಹಾಡುವವರು ಹಾಡಬಹುದು. ಗಮಕಿಗಳು ತಾಳ ಬಿಟ್ಟು, ಅರ್ಥಕ್ಕೆ ತಕ್ಕ ರಾಗದಲ್ಲಿ ನಿಧಾನವಾಗಿ ವಾಚಿಸಬಹುದು. ಭಜನಾ ಮಂಡಳಿಯ ಹೆಣ್ಣುಮಕ್ಕಳು ಒಂದೇ ಸರಳ ಧಾಟಿಯಲ್ಲಿ ಸಂಧಿಯ ಮೇಲೆ ಸಂಧಿ ಪಾರಾಯಣ ಮಾಡಬಹುದು. ಮೂರೂ ರೀತಿ ಇಂದಿಗೂ ನಡೆದಿವೆ. ಪದ್ಯ ಒಂದೇ, ಅದರ ನಡೆ ಒಂದೇ, ಹೇಳುವ ರೀತಿ ಮೂರು.

ಈ ಗ್ರಂಥದಲ್ಲಿ ಒಂದು ಸಂಧಿ ಊಟದ ಬಗ್ಗೆಯೇ ಇದೆ. ನಾವು ಉಣ್ಣುವ ಅನ್ನದ ರುಚಿ ರುಚಿಯಲ್ಲೂ ದೇವರನ್ನು ನೆನೆಯುವುದು ಹೇಗೆ ಎಂದು ಅದರಲ್ಲಿ ಹೇಳಿದ್ದಾರೆ. ದಾಸರ ಮನೆಯ ಊಟಕ್ಕೆ ಹೋಗಲು ಹಿಂಜರಿದವರೇ ಮುಂದೆ ಅನ್ನದ ಮಹಿಮೆಯನ್ನು ಕನ್ನಡದಲ್ಲಿ ಬರೆದರು! ಇನ್ನೂ ದೊಡ್ಡ ಸಂಗತಿ ಅಂದ್ರೆ, ಮುಂದೆ ಈ ಕನ್ನಡ ಗ್ರಂಥಕ್ಕೆ ಪಂಡಿತರು ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದರು. ಸಂಸ್ಕೃತ ಗ್ರಂಥಕ್ಕೆ ಕನ್ನಡದಲ್ಲಿ ಅರ್ಥ ಬರೆಯುವುದನ್ನು ನಾವು ನೋಡಿದ್ದೇವೆ. ಇಲ್ಲಿ ಗಂಗೆ ತಿರುಗಿ ಹರಿಯಿತು.

ಈಗ ನಾನು ತಲೆ ತಗ್ಗಿಸಬೇಕಾದ ವಿಷಯಕ್ಕೆ ಬರುತ್ತೇನೆ. ಜಗನ್ನಾಥದಾಸರ ಇನ್ನೊಂದು ಪ್ರಸಿದ್ಧ ಕೃತಿ ತತ್ವಸುವ್ವಾಲಿ. ಅದು ತ್ರಿಪದಿಯಲ್ಲಿದೆ. ತ್ರಿಪದಿ ಯಾವುದು? ನಮ್ಮ ಅಜ್ಜಿಯಂದಿರು ಕೋಳಿ ಕೂಗೋ ಹೊತ್ತಿಗೆ ಎದ್ದು ಜೋಳ ಬೀಸುವಾಗ ಹಾಡುತ್ತಿದ್ದ ಪದಗಳ ಛಂದಸ್ಸು. ಸುವ್ವಿ ಅಂದ್ರೆ ಒನಕೆ ಹಿಡಿದು ಕುಟ್ಟುವಾಗ ಹೆಣ್ಣುಮಕ್ಕಳು ಹಾಡುವ ಹಾಡಿನ ಸೊಲ್ಲು. ವರದೇಂದ್ರತೀರ್ಥರಂಥ ದೊಡ್ಡವರ ಹತ್ತಿರ ವೇದಾಂತ ಓದಿದ ಮಹಾಪಂಡಿತರು ತತ್ವ ಹೇಳಲು ಆರಿಸಿಕೊಂಡದ್ದು ಬೀಸೋಕಲ್ಲಿನ, ಒರಳಿನ ಮುಂದಿನ ಧಾಟಿ. ನಾವು ಯಾವುದನ್ನು ಹಳ್ಳಿ ಧಾಟಿ ಎಂದು ನಕ್ಕೆವೋ ಅದೇ ಧಾಟಿಗೆ ಅವರು ಕೈಮುಗಿದಿದ್ದರು.

ರಾಗ ಎಲ್ಲಿ ಹೋಯಿತು?

ಹಾಗಾದರೆ ಅಜ್ಜಿಯ ಧಾಟಿಯೇ ದಾಸರು ಹಾಡಿದ ಧಾಟಿಯೇ? ನಾನು ಗುರುಗಳನ್ನು ಕೇಳಿದೆ. ಹಾಗೂ ಹೇಳಲು ಬರುವುದಿಲ್ಲ ಎಂದರು.

ಕಾರಣ ಇಷ್ಟೆ. ದಾಸರ ಪದಗಳು ಓಲೆಗರಿ, ಕೈಬರಹದ ಪುಸ್ತಕ, ಹೆಚ್ಚಾಗಿ ಜನರ ಬಾಯಿಯಿಂದ ನಮಗೆ ಬಂದಿವೆ. ಬರೆದಿಟ್ಟ ಕಡೆ ಪದದ ಮೇಲೆ ಇಂಥ ರಾಗ, ಇಂಥ ತಾಳ ಎಂದು ಹೆಸರು ಇರುತ್ತದೆ. ಆದರೆ ಯಾವ ಅಕ್ಷರಕ್ಕೆ ಯಾವ ಸ್ವರ ಎಂದು ಅವರ ಕಾಲದಲ್ಲಿ ಬರೆದಿಟ್ಟದ್ದು ಇಲ್ಲ. ನಮ್ಮ ಜಿಲ್ಲೆಯ ಲಿಂಗಸುಗೂರಿನಲ್ಲಿ ಗೊರಬಾಳ ಹನುಮಂತರಾಯರು ಇಂತಹ ಪದಗಳನ್ನು ಕಷ್ಟಪಟ್ಟು ಹುಡುಕಿ, ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದಿಂದ ಪುಸ್ತಕ ಮಾಡಿ ಪ್ರಕಟಿಸಿದರು. ಅವರಂಥವರಿಂದ ಮಾತು ಉಳಿಯಿತು. ಸ್ವರ ಮಾತ್ರ ಒಬ್ಬರ ಕೊರಳಿಂದ ಇನ್ನೊಬ್ಬರ ಕೊರಳಿಗೆ ಹೋಗುತ್ತ ಬದಲಾಯಿತು.

ಆದ್ದರಿಂದ ಬೇರೆ ಬೇರೆ ಕಾಲದವರು ಬೇರೆ ಬೇರೆ ರೀತಿ ಹಾಡಿದರು. ತೆಂಕಣದವರು ದಾಸರ ಪದಗಳನ್ನು ಕರ್ನಾಟಕ ಸಂಗೀತದಲ್ಲಿ ಹಾಡುತ್ತಾರೆ. ಗದಗ ಸೀಮೆಯಲ್ಲಿ ಹುಟ್ಟಿದ ಪಂಡಿತ ಭೀಮಸೇನ ಜೋಶಿಯವರು (1922-2011) ಅವನ್ನೇ ಹಿಂದುಸ್ತಾನಿ ರಾಗಗಳಲ್ಲಿ ದಾಸವಾಣಿಯಾಗಿ ಹಾಡಿ ದೇಶಕ್ಕೆಲ್ಲ ಕೇಳಿಸಿದರು. ನಮ್ಮ ಜಿಲ್ಲೆಯ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರು 12ನೇ ಶತಮಾನದ ಶರಣರ ವಚನಗಳನ್ನು ಹಿಂದುಸ್ತಾನಿ ಶೈಲಿಯಲ್ಲಿ ಹಾಡಿ ಹೆಸರಾದರು. ರಾಯಚೂರು ನಗರದ ರಂಗಮಂದಿರಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ಬಸವಣ್ಣನವರ ಕಾಲದಲ್ಲಿ ಇಂದಿನ ಖ್ಯಾಲ್ ಗಾಯನ ಇರಲಿಲ್ಲ. ಆದರೂ ಅವರ ಹಾಡು ಕೇಳಿದವರಿಗೆ ವಚನದ ಅರ್ಥ ಇನ್ನಷ್ಟು ಹತ್ತಿರ ಬಂತು.

ದೂರದ ಸ್ಪೇನ್ ದೇಶದಲ್ಲೂ ಇದೇ ಜಗಳ

ಈ ಪ್ರಶ್ನೆ ನಮ್ಮ ಊರಿನದು ಮಾತ್ರ ಅಲ್ಲ. ಸ್ಪೇನ್ ದೇಶದಲ್ಲಿ ಆಂದ್ರೆಸ್ ಸೆಗೋವಿಯಾ (1893-1987) ಎಂಬ ಗಿಟಾರ್ ವಾದಕರಿದ್ದರು. ಅವರ ಕಾಲದಲ್ಲಿ ಗಿಟಾರ್ ಅಂದ್ರೆ ಹೆಂಡದಂಗಡಿಯಲ್ಲಿ, ಕುಣಿತದಲ್ಲಿ ಬಾರಿಸುವ ವಾದ್ಯ ಎಂದು ಬಹಳ ಜನ ಮೂಗು ಮುರಿಯುತ್ತಿದ್ದರು. ಕನ್ನಡ ಪದವನ್ನು ನಮ್ಮ ಆಚಾರ್ಯರು ಕಂಡ ಹಾಗೆಯೇ. ಸೆಗೋವಿಯಾ ಅದೇ ಆರು ತಂತಿಯ ಗಿಟಾರಿನಲ್ಲಿ ಹಳೆಯ ಕಾಲದ ದೊಡ್ಡ ದೊಡ್ಡ ಸಂಗೀತಗಾರರ ರಚನೆಗಳನ್ನು ನುಡಿಸಿದರು. ಜರ್ಮನಿಯ ಬಾಖ್ ಎಂಬುವರು 1720ರ ಸುಮಾರಿಗೆ ಪಿಟೀಲಿಗೆಂದು ಬರೆದ ಒಂದು ಕಠಿಣ ರಚನೆಯನ್ನು 1935ರಲ್ಲಿ ಪ್ಯಾರಿಸಿನಲ್ಲಿ ಗಿಟಾರಿನಲ್ಲಿ ನುಡಿಸಿ ತೋರಿಸಿದರು. ಬಾಖ್ ಹುಟ್ಟಿದ್ದು 1685ರಲ್ಲಿ, ನಮ್ಮ ವಿಜಯದಾಸರಿಗಿಂತ ಮೂರೇ ವರ್ಷ ಚಿಕ್ಕವರು ಎಂಬುದು ಸ್ವಾರಸ್ಯದ ಸಂಗತಿ.

ಅಲ್ಲಿ ಪ್ರತಿಯೊಂದು ಸ್ವರವನ್ನೂ ಕಾಗದದ ಮೇಲೆ ಬರೆದಿಟ್ಟಿರುತ್ತಾರೆ. ಆದರೂ ಜಗಳ ತಪ್ಪಲಿಲ್ಲ. ಸ್ವರ ಬರೆದಿದ್ದರೂ ಎಷ್ಟು ನಿಧಾನ, ಎಷ್ಟು ಜೋರು, ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಕಾಗದದಲ್ಲಿ ಪೂರ್ತಿ ಬರುವುದಿಲ್ಲ. ಸೆಗೋವಿಯಾ ಹಳೆಯ ಸಂಗೀತವನ್ನೂ ತಮ್ಮ ಕಾಲದ ಭಾವದಲ್ಲಿ ಎಳೆದೆಳೆದು ನುಡಿಸುತ್ತಾರೆ ಎಂದು ಮುಂದಿನವರು ಆಕ್ಷೇಪ ಮಾಡಿದರು. ಕೆಲವರು ಹಳೆಯ ಮಾದರಿಯ ವಾದ್ಯಗಳನ್ನೇ ಮಾಡಿಸಿ, ಹಿಂದಿನಂತೆ ಕರುಳಿನ ತಂತಿ ಕಟ್ಟಿ, ಆ ಕಾಲದ ಪುಸ್ತಕ ಓದಿ ನುಡಿಸತೊಡಗಿದರು. ಇಬ್ಬರಿಂದಲೂ ಜನರಿಗೆ ಲಾಭವೇ ಆಯ್ತು. ಸೆಗೋವಿಯಾ ಬಾಗಿಲು ತೆರೆದರು, ಹಿಂದೆ ಬಂದವರು ಒಳಗಿನ ಸಾಮಾನನ್ನು ಒರೆಸಿ ಇಟ್ಟರು.

ಏನು ಬದಲಾಗಬಹುದು, ಏನು ಬದಲಾಗಬಾರದು

ಹಾಗಂತ ಹೆಂಗ ಬೇಕಾದರೂ ಹಾಡಬಹುದೇ? ಅದೂ ಅಲ್ಲ. ಗುರುಗಳ ಮಾತಿನಿಂದ ಮತ್ತು ಓದಿನಿಂದ ನನಗೆ ತಿಳಿದದ್ದು ಮೂರು ಸಂಗತಿ.

ಮೊದಲನೆಯದು, ಮಾತು ಕೆಡಬಾರದು. ಹರಿ ಎಂಬುದನ್ನು ರಾಗಕ್ಕಾಗಿ ಮೊದಲ ಅಕ್ಷರದಲ್ಲೇ ಎಳೆದರೆ ಹಾರಿ ಆಗುತ್ತದೆ. ದೇವರು ಹೋಗಿ ಜಿಗಿತ ಬರುತ್ತದೆ! ಕರುಣಾಸಾಗರ ಎಂಬಲ್ಲಿ ಕರು ಎಂದು ನಿಲ್ಲಿಸಿ ಉಸಿರು ತೆಗೆದುಕೊಂಡರೆ ಕೇಳುವವರಿಗೆ ಕೊಟ್ಟಿಗೆಯ ಕರು ನೆನಪಾಗುತ್ತದೆ. ಅರ್ಥ ನೋಡಿ ಉಸಿರು ಬಿಡಬೇಕು.

ಎರಡನೆಯದು, ಛಂದಸ್ಸಿನ ನಡೆ ಗೊತ್ತಿರಬೇಕು. ಭಾಮಿನಿಯನ್ನು ನಾಲ್ಕು ನಾಲ್ಕರ ತಾಳಕ್ಕೆ ಎಳೆದು ಕೂಡಿಸಿದರೆ ಅದು ಕುಂಟುತ್ತದೆ. ಗೊತ್ತಿದ್ದು ತಾಳ ಬಿಡುವುದು ಬೇರೆ, ಗೊತ್ತಿಲ್ಲದೆ ತಪ್ಪುವುದು ಬೇರೆ.

ಮೂರನೆಯದು, ಅಂಕಿತ ಬಿಡಬಾರದು. ಹೊತ್ತಾಯಿತೆಂದು ಕೊನೆಯ ನುಡಿ ಬಿಟ್ಟು ಮುಗಿಸುವವರಿದ್ದಾರೆ. ಕಟ್ಟಿದವರ ಗುರುತು ಅಲ್ಲೇ ಇರುವುದು. ಅದನ್ನು ಬಿಟ್ಟರೆ ಮನೆಯಲ್ಲಿ ಉಂಡು ಮನೆಯವರ ಹೆಸರು ಮರೆತ ಹಾಗೆ.

ಈ ಮೂರು ಉಳಿಸಿಕೊಂಡರೆ ರಾಗ ಆಯಾ ಕಾಲದವರದು, ಆಯಾ ಕೊರಳಿನದು. ದೊಡ್ಡ ಗಾಯಕರದೂ ಖರೆ, ಅಜ್ಜಿಯದೂ ಖರೆ.

ಕೊನೆಯ ದಿನಗಳು

ಜಗನ್ನಾಥದಾಸರು ಬಹಳ ಕಾಲ ಬಾಳಿದರು. ಅವರ ಶಿಷ್ಯರಲ್ಲಿ ಲಿಂಗಸುಗೂರಿನ ಪ್ರಾಣೇಶದಾಸರು ಹೆಸರಾದವರು. ಹೀಗೆ ವಿಜಯದಾಸರಿಂದ ಗೋಪಾಲದಾಸರಿಗೆ, ಗೋಪಾಲದಾಸರಿಂದ ಜಗನ್ನಾಥದಾಸರಿಗೆ, ಅವರಿಂದ ಪ್ರಾಣೇಶದಾಸರಿಗೆ ತಂಬೂರಿ ಕೈಯಿಂದ ಕೈಗೆ ಬಂತು. ನಮ್ಮ ಬಿಸಿಲ ಸೀಮೆ ದಾಸಸಾಹಿತ್ಯದ ತವರುಮನೆಯಾಯಿತು.

1809ರಲ್ಲಿ, ಭಾದ್ರಪದ ಶುದ್ಧ ನವಮಿಯಂದು, 81ನೇ ವಯಸ್ಸಿನಲ್ಲಿ ಅವರು ಮಾನವಿಯಲ್ಲಿ ತೀರಿಕೊಂಡರು. ಅವರ ಸನ್ನಿಧಾನ ಅಲ್ಲಿಯ ಕಂಬದಲ್ಲಿದೆ ಎಂದು ಭಕ್ತರು ನಂಬುತ್ತಾರೆ. ಪ್ರತಿವರ್ಷ ಆ ತಿಥಿಗೆ ಆರಾಧನೆ ನಡೆಯುತ್ತದೆ. ದೂರದ ಊರುಗಳಿಂದ ಜನ ಬರುತ್ತಾರೆ. ಒಂದೊಂದು ಊರಿನವರದು ಒಂದೊಂದು ಧಾಟಿ.

ಗೆಳೆಯರೇ, ಶ್ರೀನಿವಾಸಾಚಾರ್ಯರು ದೊಡ್ಡವರು. ಅವರು ತಮ್ಮ ತಪ್ಪನ್ನು ತಿದ್ದಿಕೊಂಡು ಜಗನ್ನಾಥದಾಸರಾದರು. ನಾವು ಸಣ್ಣವರು, ನಮ್ಮ ತಪ್ಪೂ ಸಣ್ಣದು, ತಿದ್ದಿಕೊಳ್ಳಲು ಅಷ್ಟು ಕಷ್ಟವಿಲ್ಲ. ನಾನು ಆ ಗೆಳತಿಯ ಹತ್ತಿರ ಹೋಗಿ ತಪ್ಪಾಯಿತೆಂದು ಹೇಳಿದೆ. ಅವಳು ಏನೂ ಅನ್ನಲಿಲ್ಲ. ಮರುದಿನ ಸಂಜೆ ನಮ್ಮನ್ನು ತನ್ನ ಅಜ್ಜಿಯ ಹತ್ತಿರ ಕರೆದುಕೊಂಡು ಹೋದಳು. ಅಜ್ಜಿ ಪದ ಹೇಳಿಕೊಟ್ಟರು. ನಾಲ್ಕನೇ ನುಡಿಯಲ್ಲಿ ನಮ್ಮ ಮೊಬೈಲಿನ ಹಾಡಿನಲ್ಲಿ ಇಲ್ಲದ ಎರಡು ಸಾಲು ಅವರ ಬಾಯಲ್ಲಿದ್ದವು. ಅವನ್ನು ಬರೆದುಕೊಂಡು ಬಂದಿದ್ದೇವೆ. ಪುಸ್ತಕದಲ್ಲಿ ಇವೆಯೋ ಎಂದು ಗುರುಗಳು ನೋಡುತ್ತಿದ್ದಾರೆ.

ವಾರ್ಷಿಕೋತ್ಸವದಲ್ಲಿ ಪದವನ್ನು ಎರಡು ಧಾಟಿಯಲ್ಲೂ ಹಾಡುತ್ತೇವೆ. ಮೊದಲು ಅಜ್ಜಿಯದು. ಎಲ್ಲರೂ ತಪ್ಪದೆ ಬನ್ನಿರಿ, ಮನೆಯ ಹಿರಿಯರನ್ನೂ ಕರೆದುಕೊಂಡು ಬನ್ನಿರಿ. ಅವರ ಬಾಯಲ್ಲೂ ಇಂಥ ಪದ ಇದ್ದರೆ ಮರೆಯುವ ಮೊದಲು ಬರೆದುಕೊಳ್ಳಿರಿ, ಮುಂದಿನ ಸಂಚಿಕೆಗೆ ಕೊಡಿರಿ.

ಈ ಬರಹದಲ್ಲಿ ತಪ್ಪುಗಳಿದ್ದರೆ ದೊಡ್ಡವರು ಕ್ಷಮಿಸಿ ತಿದ್ದಬೇಕಾಗಿ ವಿನಂತಿ.

— 9ನೇ ತರಗತಿಯ ವಿದ್ಯಾರ್ಥಿ